ಹಿಂದಿನ ಎಡಗಡೆಯ ಚಕ್ರ

ಗಾಳಿ ಹಿಡಿಸಿಕೊಂಡು ಹೋಗೋಣ ಎಂದವರು ನಮ್ಮ ಮನೆಯವರು. ಬೇಡ ಎಂದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆಯೋಣ ಎಂದು ಇಟ್ಟುಕೊಂಡರೆ ಬರೆಯುವ ಧೈರ್ಯ ಉಳಿಯಲಿಕ್ಕಿಲ್ಲ.

ನಮ್ಮದು ಹಿಂದೂಪುರ. ಮಗಳನ್ನು ಕೊಟ್ಟಿರುವುದು ಕಲ್ಯಾಣದುರ್ಗಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ಎರಡೂ ಮನೆಯ ಪದ್ಧತಿ. ಏಳನೆಯ ತಿಂಗಳಲ್ಲೇ ಅವಳನ್ನು ಕರೆತರಬೇಕಿತ್ತು. ಆಗ ಸರಿಯಾಗಿ ನಮ್ಮ ಮನೆಯವರಿಗೆ ಹರ್ನಿಯಾ ಆಪರೇಷನ್ ಆಯಿತು, ಕರೆತರಲಾಗಲಿಲ್ಲ. ಎಂಟರಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಹಾಗಾಗಿ ಒಂಬತ್ತು ಬೀಳುವ ತನಕ ಕಾದೆವು. ಹಿಂದೂಪುರದ ನಮ್ಮ ಡಾಕ್ಟರಮ್ಮ ರಿಪೋರ್ಟು ನೋಡಿ ಫೋನಿನಲ್ಲಿ, "ಕರ್ಕೊಂಡು ಬರೋದಾದ್ರೆ ಈ ವಾರನೇ ಬನ್ನಿ, ಆಮೇಲೆ ಪ್ರಯಾಣ ಬೇಡ, ಬಿ.ಪಿ. ಸ್ವಲ್ಪ ಏರ್ತಾ ಇದೆ," ಎಂದಿದ್ದರು.

ಭಾನುವಾರ ಹೋಗಿ, ಅಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ಹೊರಡುವುದು ಎಂದು ಮಾತಾಯಿತು. ಸೋಮವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ. ಏಳೂವರೆಯೊಳಗೆ ಗಾಡಿ ಹೊರಟುಬಿಡಬೇಕು. ಒಂಬತ್ತರ ಮೇಲೆ ಹೊರಟರೆ ಬಿಸಿಲು. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ತುಂಬಿದ ಬಸುರಿಯನ್ನು ಎರಡೂವರೆ ಗಂಟೆ ಕೂರಿಸಿಕೊಂಡು ಬರುವುದು ಹೇಗೆ? ಹೀಗಾಗಿ ಬೆಳಿಗ್ಗೆ ನಾಲ್ಕಕ್ಕೇ ಎದ್ದೆವು. ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿ, ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂರಿಸಿ ಬೀಗಿತ್ತಿ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ಅಚ್ಚುಬೆಲ್ಲ, ಎಲೆ ಅಡಿಕೆ, ಬಳೆ. ಜೊತೆಗೆ ಕರ್ಜಿಕಾಯಿ ಒಂದು ಡಬ್ಬ, ಖಾರದ ಪುಡಿ ಒಂದು ಡಬ್ಬ, ಹಾಸಿಗೆ ಸುರುಳಿ ಒಂದು. ಕೂರಿಸಿದ ಮಣೆಯೂ ತವರಿಗೇ ಬರಬೇಕು. ಎಲ್ಲವನ್ನೂ ಕಾರಿನ ಡಿಕ್ಕಿಗೆ ತುರುಕಿದ್ದಾಯಿತು.

ನಮ್ಮದು ಹಳೆಯ ಕಾರು, ಇನ್ನೊಬ್ಬರಿಂದ ಕೊಂಡದ್ದು. ಮನೆಯವರು ಹುಣಸೆಹಣ್ಣಿನ ಮಂಡಿಯಲ್ಲಿ ತೂಕ ನೋಡುವವರು; ಊರೊಳಗೆ ಓಡಾಡುವುದಕ್ಕೆ ಅವರಿಗೆ ಸೈಕಲ್ಲೇ ಸಾಕು. ಕಾರು ಮದುವೆ ಮುಂಜಿಗೆ, ಲೇಪಾಕ್ಷಿಗೆ, ಮಗಳ ಊರಿಗೆ. ಆಯುಧಪೂಜೆಯ ದಿನ ತೊಳೆದು, ನಾಲ್ಕು ಚಕ್ರಕ್ಕೂ ಅರಿಶಿನ ಕುಂಕುಮ ಹಚ್ಚಿ, ನಾಲ್ಕು ನಿಂಬೆಹಣ್ಣು ಇಟ್ಟು ಅವುಗಳ ಮೇಲೆ ಗಾಡಿ ಹತ್ತಿಸುತ್ತಿದ್ದೆವು. ವರ್ಷಕ್ಕೊಮ್ಮೆ ಚಕ್ರವನ್ನು ಹತ್ತಿರದಿಂದ ನೋಡುತ್ತಿದ್ದದ್ದು ಅಷ್ಟೇ.

ಮಗಳನ್ನು ಹಿಂದಿನ ಸೀಟಿನಲ್ಲಿ ಎಡಗಡೆಗೆ ಕೂರಿಸಿ, ಸೊಂಟಕ್ಕೆ ದಿಂಬು ಕೊಟ್ಟೆ. ಬೀಗಿತ್ತಿ ಆರತಿ ಬೆಳಗಿ ನೀರನ್ನು ರಸ್ತೆಗೆ ಚೆಲ್ಲಿದರು. ಆಗ ಮನೆಯವರು ಬಗ್ಗಿ ಹಿಂದಿನ ಎಡಗಡೆಯ ಚಕ್ರ ನೋಡಿದರು. ಕಾಲಿನಿಂದ ಒಮ್ಮೆ ಒದ್ದರು.

"ಯಾಕೋ ಇದೊಂದು ಟೈರು ಕುಂತಂಗೈತೆ ಕಣೇ. ಬಂಕ್‌ ತಾವ ಎರಡು ನಿಮಿಷ ನಿಲ್ಸಿ ಗಾಳಿ ಹಿಡಿಸ್ಕಂಡು ಹೋಗಾನ."

"ಊರೊಳಗೆ ನಿಲ್ಲಿಸ್ಬ್ಯಾಡ್ರಿ," ಎಂದೆ. "ಮಡಿಲು ತುಂಬಿಸ್ಕೊಂಡು ಕುಂತವಳೆ. ಊರ ಗಡಿ ದಾಟೋ ತಂಕ ಗಾಡಿ ನಿಲ್ಬಾರ್ದು."

ಬೀಗಿತ್ತಿ ನನ್ನ ಪರ ಸೇರಿಕೊಂಡರು. "ಅದೂ ನಿಜ ಕಣ್ರಿ ಬೀಗ್ರೇ. ನಮ್ಮತ್ತೇನೂ ಅಂಗೇ ಹೇಳ್ತಿದ್ರು. ಹೊರಡ್ರಿ, ಏಳೂಕಾಲು ಆಗೋಯ್ತು."

"ಸರಿ ಕಣ್ರಮ್ಮ. ನಿಮ್ಮಿಬ್ಬರ ಮುಂದೆ ಗಾಳಿಗೂ ಮುಹೂರ್ತ ನೋಡ್ಬೇಕು," ಎಂದು ನಗುತ್ತಾ ಅವರು ಕೂತರು. ನಾವೂ ನಕ್ಕೆವು.

ಪೆಟ್ರೋಲ್ ಬಂಕು ಕಣ್ಣೆದುರೇ ಬಂತು, ಹೋಯಿತು. ಊರು ದಾಟಿದ ಮೇಲೆ ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಏಳೂವರೆ ಹೊಡೆದಿತ್ತು. ರಾಹುಕಾಲದಲ್ಲಿ ನಿಂತು ಮತ್ತೆ ಹೊರಟರೆ ಅದು ಹೊಸದಾಗಿ ಹೊರಟ ಲೆಕ್ಕ; ಪ್ರಯಾಣವೆಲ್ಲ ರಾಹುಕಾಲದ್ದೇ ಆಗುತ್ತದೆ. ಇದು ನನ್ನ ತಾಯಿ ನನಗೆ ಹೇಳಿದ್ದು. ಪಾವಗಡದ ಹತ್ತಿರ ರಸ್ತೆಬದಿಯಲ್ಲಿ ಟೈರುಗಳನ್ನು ಕಂಬಕ್ಕೆ ಪೇರಿಸಿಟ್ಟ ಅಂಗಡಿ ಕಂಡಿತು.

"ಇಲ್ಲೈತೆ ನೋಡು. ನಿಲ್ಸಲಾ?"

"ಒಂಬತ್ತಾಗ್ಲಿ ಸುಮ್ನಿರ್ರಿ. ಇನ್ನು ಮುಕ್ಕಾಲು ಗಂಟೆ."

ಅಂಗಡಿ ಹಿಂದಾಯಿತು. ಮಗಳು ಕಣ್ಣು ಮುಚ್ಚಿ ಒರಗಿದ್ದಳು, ನಿದ್ದೆ ಬಂದಿದೆ ಎಂದುಕೊಂಡೆ.

ಪಾವಗಡ ಬಿಟ್ಟು ರೊದ್ದಂ ಕಡೆಗೆ ತಿರುಗಿದ ಮೇಲೆ ರಸ್ತೆ ಖಾಲಿ. ಎರಡೂ ಕಡೆ ಬೋಳು ಹೊಲ, ಅಲ್ಲೊಂದು ಇಲ್ಲೊಂದು ಬೇವಿನ ಮರ, ದೂರದಲ್ಲಿ ಕಲ್ಲುಗುಡ್ಡ. ಎಂಟೂವರೆಗೇ ಬಿಸಿಲು ಟಾರಿನ ಮೇಲೆ ನೀರಿನ ಹಾಗೆ ಹೊಳೆಯುತ್ತಿತ್ತು. ಖಾಲಿ ರಸ್ತೆ ಸಿಕ್ಕಿತೆಂದು ಮನೆಯವರು ಸ್ವಲ್ಪ ಜೋರಾಗಿಯೇ ಬಿಟ್ಟರು. ನಾನೂ ಬೇಡ ಎನ್ನಲಿಲ್ಲ. ಬೇಗ ಮನೆ ಮುಟ್ಟಿದರೆ ಸಾಕಾಗಿತ್ತು.

ಮೊದಲು ಹಿಂದಿನಿಂದ ಥಪ್ ಥಪ್ ಎಂಬ ಸದ್ದು ಬಂತು. ಡಿಕ್ಕಿಯಲ್ಲಿ ಕರ್ಜಿಕಾಯಿ ಡಬ್ಬ ಕುಣಿಯುತ್ತಿದೆ ಎಂದುಕೊಂಡೆ. ಕಾರಿನ ಹಿಂಭಾಗ ತೇಲಿದಂತೆ ಆಗುತ್ತಿತ್ತು, ಮಗಳು ಕಣ್ಣು ಬಿಟ್ಟು ನನ್ನ ಮುಖ ನೋಡಿದಳು. "ಏನಮ್ಮ ಅದು?" ಎಂದಳು. ಅಷ್ಟೇ. ಅವಳ ಕೆಳಗೇ ಢಬ್ ಎಂದಿತು.

ಆ ಸದ್ದನ್ನು ಹೇಗೆ ಹೇಳಲಿ. ಕಿವಿಗಿಂತ ಮೊದಲು ಬೆನ್ನುಹುರಿಗೆ ಕೇಳಿಸಿತು. ಕಾರಿನ ಹಿಂಭಾಗ ಬಲಕ್ಕೆ ಬೀಸಿತು, ಮತ್ತೆ ಎಡಕ್ಕೆ ಬೀಸಿತು. ನಾನು ಮಗಳ ಹೊಟ್ಟೆಯ ಮೇಲೆ ಅಡ್ಡ ಬಿದ್ದೆ, ನನ್ನ ತಲೆ ಮುಂದಿನ ಸೀಟಿನ ಕಂಬಿಗೆ ಬಡಿಯಿತು. ರಬ್ಬರು ಸುಟ್ಟ ವಾಸನೆ. ಮನೆಯವರು ಬ್ರೇಕು ಒತ್ತಲಿಲ್ಲ. ಅದನ್ನು ಆಮೇಲೆ ಹೇಳಿದರು: ಒತ್ತಿದ್ದರೆ ಗಾಡಿ ಮಗುಚುತ್ತಿತ್ತಂತೆ. ಸ್ಟೇರಿಂಗನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು, ಕಾಲನ್ನು ಮೇಲೆತ್ತಿ, ಅದರಷ್ಟಕ್ಕೆ ಅದು ನಿಧಾನವಾಗಲು ಬಿಟ್ಟರು. ಖಣಖಣ ಎಂದು ಕಬ್ಬಿಣ ರಸ್ತೆಗೆ ಉಜ್ಜುವ ಸದ್ದು ಬಹಳ ಹೊತ್ತು ಬಂತು. ಕಾರು ಪಕ್ಕದ ಮಣ್ಣಿಗೆ ಇಳಿದು ನಿಂತಿತು. ಎರಡು ಮಾರು ಮುಂದೆ ಮೋರಿ, ಅದಕ್ಕೆ ಕಟ್ಟೆಯೂ ಇರಲಿಲ್ಲ.

ಎದುರಿನಿಂದ ಲಾರಿ ಬರಲಿಲ್ಲ. ಮೋರಿಗೆ ಮುಂಚೆ ನಿಂತಿತು. ಎರಡು ಕೃಪೆ. ಆಗ ಎಣಿಸಲಿಲ್ಲ, ಆಗ ನನಗೆ ದೇವರೂ ನೆನಪಾಗಲಿಲ್ಲ.

ಮನೆಯವರು ಹಿಂತಿರುಗಿ ನೋಡಿದರು. ಮುಖದಲ್ಲಿ ರಕ್ತವಿರಲಿಲ್ಲ. "ಮಗಳೇ, ಏನಾಯ್ತಮ್ಮ? ಪೆಟ್ಟಾಯ್ತಾ?"

"ಇಲ್ಲಪ್ಪ," ಎಂದಳು. ಎರಡೂ ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟುಕೊಂಡಿದ್ದಳು. ಬಹಳ ಸಣ್ಣ ದನಿಯಲ್ಲಿ, "ಅಮ್ಮಾ, ಕಲ್ಯಾಣದುರ್ಗದಿಂದ ಒದಿತಾನೇ ಇತ್ತು. ಈಗ ಆಡ್ತಿಲ್ಲ," ಎಂದಳು.

ನಾನು ಅಂಗೈ ಇಟ್ಟು ನೋಡಿದೆ. ಎಡಕ್ಕೆ, ಬಲಕ್ಕೆ, ಕೆಳಕ್ಕೆ. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಏನಾದರೂ ಅಲುಗಿದರೂ ಅಂಗೈಗೆ ತಿಳಿಯುವಂತಿರಲಿಲ್ಲ.

"ಮಲಗೈತೆ ಕಣಮ್ಮ. ಮಗು ನಿದ್ದೆ ಮಾಡ್ತದೆ," ಎಂದೆ. ಅವಳು ನಂಬಲಿಲ್ಲ. ನಾನೂ ನಂಬಿರಲಿಲ್ಲ.

ಮನೆಯವರು ಕೆಳಗಿಳಿದು ಆಂಬುಲೆನ್ಸ್‌ಗೆ ಫೋನ್ ಮಾಡಿದರು. ಹತ್ತಿರದ ಗಾಡಿ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿದೆ, ಬರಲು ಒಂದು ಗಂಟೆಯ ಮೇಲಾಗುತ್ತದೆ ಎಂದರು. ಒಂದು ಗಂಟೆ! ಮನೆಯವರು ಫೋನ್ ಜೇಬಿಗಿಟ್ಟು ಡಿಕ್ಕಿ ತೆಗೆದರು. "ನಾನೇ ಚಕ್ರ ಬದಲಾಯಿಸ್ತೀನಿ," ಎಂದರು.

"ನಿಮ್ಗೆ ಭಾರ ಎತ್ಬಾರ್ದು ಅಂದವ್ರೆ. ಹೊಲಿಗೆ ಬಿಟ್ಕಂಡ್ರೆ ಇಬ್ಬರನ್ನ ನಾನು ಎಲ್ಲಿಗೆ ಹೊರ್ಲಿ?"

"ಮತ್ಯಾರು ಎತ್ತಾರು?"

"ನಾನ್ ಎತ್ತೀನಿ. ನೀವು ಹೇಳ್ರಿ."

ನನಗೆ ಐವತ್ತೆರಡು ವರ್ಷ. ಅಲ್ಲಿಯ ತನಕ ಕಾರಿನ ಚಕ್ರವನ್ನು ಕುಂಕುಮ ಹಚ್ಚಲು ಮಾತ್ರ ಮುಟ್ಟಿದ್ದವಳು. ಸ್ಟೆಪ್ನಿ ಎನ್ನುವ ಐದನೆಯ ಚಕ್ರ ಡಿಕ್ಕಿಯ ತಳದಲ್ಲಿ ಮಲಗಿರುತ್ತದೆ ಎಂದು ಗೊತ್ತಿತ್ತು, ನೋಡಿರಲಿಲ್ಲ. ಅದರ ಮೇಲಿದ್ದ ಮಡಿಲಕ್ಕಿ, ಡಬ್ಬ, ಹಾಸಿಗೆ, ಮಣೆ ಎಲ್ಲವನ್ನೂ ರಸ್ತೆಬದಿಯ ಧೂಳಿಗೆ ಇಳಿಸಿದೆ. ಮಡಿಲಕ್ಕಿ ನೆಲಕ್ಕೆ ಇಡಬಾರದು. ಇಟ್ಟೆ.

ಅಷ್ಟರಲ್ಲಿ ಮೇಕೆಗಳ ಗಂಟೆ ಕೇಳಿಸಿತು. ಹೊಲದಿಂದ ಹತ್ತು ಹನ್ನೆರಡು ಮೇಕೆ, ಹಿಂದೆ ಒಬ್ಬ ಹೆಂಗಸು, ನನಗಿಂತ ಹಿರಿಯಳು, ತಲೆಯ ಮೇಲೆ ಸೆರಗು, ಕೈಯಲ್ಲಿ ಕೊಕ್ಕೆಕೋಲು.

"ಏಮಾಯಿಂದಮ್ಮಾ?" ಎಂದು ತೆಲುಗಿನಲ್ಲಿ ಕೂಗಿದಳು. ನಾನು ಗಾಬರಿಯಲ್ಲಿ ಕನ್ನಡದಲ್ಲೇ, "ಟೈರು ಸಿಡಿದೋಯ್ತಮ್ಮ, ಒಳಗೆ ಮಗಳು ತುಂಬು ಬಸುರಿ," ಎಂದೆ. ಅವಳೂ ಕನ್ನಡಕ್ಕೆ ತಿರುಗಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಬಿಸ್ಲಾಗೆ ಡಬ್ಬದೊಳಗೆ ಕೂಡಾಕಿದ್ದೀಯಲ್ಲಮ್ಮ ಅದನ್ನ. ಈ ಕಡೀಕ್ ಇಳ್ಸು."

ಅವಳೇ ಬಾಗಿಲು ತೆಗೆದು ಮಗಳ ಕಂಕುಳಿಗೆ ಕೈ ಹಾಕಿ ಇಳಿಸಿದಳು. ಬೇವಿನ ಮರದ ಕೆಳಗೆ ನಮ್ಮ ಹಾಸಿಗೆಯನ್ನೇ ಬಿಚ್ಚಿಸಿ ಮಲಗಿಸಿದಳು. ಮಗು ಆಡುತ್ತಿಲ್ಲ ಎಂದಾಗ ಆ ಹೆಂಗಸು ಹೆದರಲೂ ಇಲ್ಲ, ಏನೂ ಆಗಲ್ಲ ಎಂದು ಸಮಾಧಾನ ಹೇಳಲೂ ಇಲ್ಲ. "ಎಡ ಮಗ್ಗುಲಿಗೆ ಮಲಕ್ಕೊ ತಾಯಿ. ಬೆಲ್ಲ ಐತಾ? ಬೆಲ್ಲ ಕಚ್ಚಿಸಿ ನೀರು ಕುಡ್ಸು. ಸಿಹಿ ಒಳೀಕ್ ಹೋದ್ರೆ ಏಳ್ತದೆ, ನೋಡಾನ," ಎಂದಳು. ಮಡಿಲು ತುಂಬಿದ ಅಚ್ಚುಬೆಲ್ಲ ಅಲ್ಲೇ ಧೂಳಿನಲ್ಲಿ ಇತ್ತು. ಗಂಟು ಬಿಚ್ಚಿದೆ. ಮನೆ ಸೇರಿ ದೇವರ ಮುಂದೆ ಬಿಚ್ಚಬೇಕಾದ ಗಂಟು ಅದು.

"ನೀನು ಗಂಡನ್ ತಾವ ಹೋಗು. ನಾನಿಲ್ಲಿ ಕುಂತಿರ್ತೀನಿ," ಎಂದಳು ಅವಳು.

ಜಾಕ್ ಎಂದರೆ ಕಾರನ್ನು ಎತ್ತುವ ಸಾಧನ, ಮಡಚಿದ ಕಬ್ಬಿಣದ ಕತ್ತರಿಯಂತಿದೆ. ಮನೆಯವರು ಅದನ್ನು ಚಕ್ರದ ಪಕ್ಕ ಕಾರಿನ ಅಂಚಿನ ಕೆಳಗೆ ಕೂರಿಸಿದರು, ನಾನು ಹಿಡಿ ತಿರುಗಿಸಿದೆ. ಕಾರು ಏಳುವ ಬದಲು ಜಾಕೇ ಮಣ್ಣಿನಲ್ಲಿ ಹೂತುಹೋಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಕಾರು ಒಂದು ಕಡೆಗೆ ವಾಲಿ ಕಿರ್ ಎಂದಿತು, ಮನೆಯವರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಏನಾರ ಗಟ್ಟಿಯಾದ್ದು, ಅಗಲವಾದ್ದು ಬೇಕು ಕೆಳಗಿಡಾಕೆ. ಹಲಗೆಯಂಥಾದ್ದು."

ಇಬ್ಬರೂ ಮಣೆಯ ಕಡೆ ನೋಡಿದೆವು. ಹುಣಸೆಮರದ ಗಟ್ಟಿ ಮಣೆ, ಅದರ ಮೇಲೆ ಬೆಳಿಗ್ಗೆ ಹಾಕಿದ ರಂಗೋಲಿ ಇನ್ನೂ ಅಳಿಸಿರಲಿಲ್ಲ. ಅವರು ತಾವಾಗಿ ಕೇಳಲಿಲ್ಲ. ನಾನೇ ತಂದು ಕಣ್ಣಿಗೊತ್ತಿಕೊಂಡು ಜಾಕಿನ ಕೆಳಗೆ ಇಟ್ಟೆ.

ಈಗ ಕಾರು ಎದ್ದಿತು. ಎದ್ದ ಮೇಲೆ ನಟ್ಟು ಬಿಚ್ಚಲು ಹೋದರೆ, ಚಕ್ರ ಗಾಳಿಯಲ್ಲಿದ್ದುದರಿಂದ ಸ್ಪ್ಯಾನರಿನ ಜೊತೆ ತಾನೂ ತಿರುಗುತ್ತಿತ್ತು. ಮನೆಯವರು ಹಣೆ ಚಚ್ಚಿಕೊಂಡರು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಒಂದೊಂದು ಸುತ್ತು ಸಡಿಲ ಮಾಡಬೇಕಂತೆ, ಎತ್ತುವುದು ಆಮೇಲೆ. ಅವರಿಗೆ ಗೊತ್ತಿದ್ದ ಮಾತೇ. ಆ ಹೊತ್ತಿನಲ್ಲಿ ಮರೆತಿದ್ದರು. ಮತ್ತೆ ಇಳಿಸಿದೆ. ಎದುರು ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟೆ. ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ಗೇರಿನಲ್ಲಿ ನಿಲ್ಲಿಸಿದ್ದರು, ಅಷ್ಟನ್ನು ಅವರು ಮರೆತಿರಲಿಲ್ಲ.

ಮೂರು ನಟ್ಟು ಸಡಿಲವಾದವು. ನಾಲ್ಕನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾನು ಸ್ಪ್ಯಾನರನ್ನು ಎರಡು ಕೈಯಲ್ಲಿ ಒತ್ತಿದೆ, ಅಲುಗಲಿಲ್ಲ.

"ಹತ್ತಿ ನಿಂತ್ಕ," ಎಂದರು ಮನೆಯವರು.

"ಎಲ್ಲಿ?"

"ಸ್ಪ್ಯಾನರ್ ಮ್ಯಾಲೆ. ನನ್ನ ಭುಜ ಹಿಡ್ಕಂಡು ಕಾಲಿಡು, ಮೈ ಭಾರ ಬಿಡು."

ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು ಹತ್ತಿ ನಿಂತೆ. ಕಬ್ಬಿಣ ಕಾದು ಪಾದ ಸುಟ್ಟಿತು. ಟಕ್ ಎಂದು ನಟ್ಟು ಬಿಟ್ಟಿತು, ನಾನು ಅವರ ಮೇಲೇ ಬಿದ್ದೆ.

ಮರದ ಕೆಳಗಿನಿಂದ ಮೇಕೆಯ ಹೆಂಗಸು ಕೂಗಿದಳು: "ಬಲೇ ಕಣಮ್ಮೋ! ತಿಂದ ಮುದ್ದೆ ಸುಮ್ಕೆ ಹೋಗ್ಲಿಲ್ಲ ಬಿಡು!"

ಮಗಳು ನಕ್ಕಳೋ ಎಂದು ನೋಡಿದೆ. ಅವಳು ಹೊಟ್ಟೆಯನ್ನೇ ನೋಡುತ್ತಿದ್ದಳು. ನಾನು ಹುಬ್ಬಿನಲ್ಲೇ ಕೇಳಿದೆ. ಅವಳು ತಲೆಯಾಡಿಸಿದಳು. ಇಲ್ಲ.

ಕಾರನ್ನು ಮತ್ತೆ ಎತ್ತಿ, ಸಿಡಿದ ಚಕ್ರವನ್ನು ಎಳೆದು ತೆಗೆದಾಗ ಅದರ ಒಳಮೈ ಕಾಣಿಸಿತು. ಪಕ್ಕದ ರಬ್ಬರು ಸುತ್ತಲೂ ಹರಿದು ಚಿಂದಿಯಾಗಿ, ಒಳಗಿನ ನೂಲೆಲ್ಲ ಈಚೆಗೆ ಬಂದಿತ್ತು. ಮುಟ್ಟಿದರೆ ಕೈ ಸುಡುತ್ತಿತ್ತು. ಇಂಥದ್ದರ ಮೇಲೆ ನನ್ನ ಮಗಳನ್ನು ಕೂರಿಸಿದ್ದೆ. ಕೂರಿಸಿ, ಎರಡು ಸಲ ಬೇಡ ಎಂದಿದ್ದೆ. ಮನೆಯವರು ನನ್ನ ಮುಖ ನೋಡಿದರು. "ಆ ಕಡೆಯಿಂದ ಸ್ಟೆಪ್ನಿ ಉರುಳಿಸ್ಕೊಂಡ್ ಬಾ," ಎಂದರು, ಅಷ್ಟೇ. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸ್ಟೆಪ್ನಿಯನ್ನು ತೊಡೆಯ ಮೇಲಿಟ್ಟು ಎತ್ತಿ, ತೂತುಗಳನ್ನು ಸರಿ ಹೊಂದಿಸಿ ಕೂರಿಸಿ, ನಟ್ಟುಗಳನ್ನು ಕೈಯಲ್ಲೇ ತಿರುಗಿಸಿದೆ. ಕುಂಕುಮ ಕಾಣದ ಆ ಚಕ್ರ ಗಾಳಿಯನ್ನೂ ಎಷ್ಟು ವರ್ಷದಿಂದ ಕಂಡಿರಲಿಲ್ಲವೋ. ನೆಲಕ್ಕೆ ಇಳಿಸಿದಾಗ ಅರ್ಧ ಚಪ್ಪಟೆಯಾಗಿ ಕೂತಿತು. ಮನೆಯವರು ಉಗುರು ಕಚ್ಚಿಕೊಂಡು ನೋಡಿದರು. "ಮೆಲ್ಲಗೆ ಹೋದ್ರೆ ರೊದ್ದಂ ತಂಕ ಎಳೀತದೆ," ಎಂದರು. ನಟ್ಟುಗಳನ್ನು ಒಂದು ಬಿಟ್ಟು ಎದುರಿನದು ಎಂಬಂತೆ ಬಿಗಿಸಿದೆ. ಒಂದರ ಪಕ್ಕ ಒಂದು ಬಿಗಿಸಿದರೆ ಚಕ್ರ ಓರೆಯಾಗಿ ಕೂರುತ್ತದಂತೆ. ಕೊನೆಗೆ ಮತ್ತೆ ಸ್ಪ್ಯಾನರಿನ ಮೇಲೆ ಒಂದೊಂದು ಕಾಲು.

ಮಗಳನ್ನು ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ, ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿಕೊಂಡೆ. ಮೇಕೆಯ ಹೆಂಗಸಿಗೆ ಮಡಿಲಿನ ಕೊಬ್ಬರಿ ಬಟ್ಟಲು, ಒಂದು ಬೊಗಸೆ ಅಕ್ಕಿ ಕೊಡಲು ಹೋದೆ. "ಇದು ನಿನ್ ಮಗಳ್ದು ಕಣಮ್ಮ. ಹೆತ್ತಾದ್ಮೇಲೆ ಈ ದಾರೀಲಿ ಹೋಗುವಾಗ ಮಗೀನ್ ತೋರ್ಸು, ಸಾಕು," ಎಂದಳು. ತೋರಿಸಲು ಮಗು ಇರುತ್ತದೆಯೇ ಎಂದುಕೊಂಡೆ. ಮತ್ತೆ ಹೊರಟಾಗ ಗಂಟೆ ಎಷ್ಟು ಎಂದು ನಾನು ನೋಡಲಿಲ್ಲ.

ಆ ದಾರಿಯ ಉದ್ದ ದೇವರಿಗೇ ಗೊತ್ತು. ಸೈಕಲ್ಲಿನವನೂ ನಮ್ಮನ್ನು ದಾಟಿ ಹೋದ. ಪ್ರತಿ ಸಣ್ಣ ಸದ್ದಿಗೂ ಕಿವಿ ಚಕ್ರದ ಕಡೆ, ಅಂಗೈ ಮಗಳ ಹೊಟ್ಟೆಯ ಮೇಲೆ. ಲೇಪಾಕ್ಷಿಯ ವೀರಭದ್ರಸ್ವಾಮಿ, ತಪ್ಪು ನನ್ನದು, ಮಗುವಿನ ಲೆಕ್ಕಕ್ಕೆ ಹಾಕಬೇಡ, ನನ್ನ ಲೆಕ್ಕಕ್ಕೆ ಹಾಕು ಎಂದು ಅಂದುಕೊಳ್ಳುತ್ತಲೇ ಇದ್ದೆ. ಒಮ್ಮೆ ಮಗಳು, "ಈಗೇನೋ ಅಲುಗಿದಂಗಾಯ್ತು," ಎಂದಳು. ಕಾರು ಹಳ್ಳಕ್ಕೆ ಇಳಿದದ್ದೋ, ಮಗುವೋ, ಇಬ್ಬರಿಗೂ ಗೊತ್ತಾಗಲಿಲ್ಲ.

ರೊದ್ದಂನಲ್ಲಿ ಪಂಕ್ಚರ್ ಅಂಗಡಿಯವರು ಸ್ಟೆಪ್ನಿಗೆ ಗಾಳಿ ಹಿಡಿದರು. ಉಳಿದ ಮೂರಕ್ಕೂ ಹಿಡಿದರು. ಸಿಡಿದ ಟೈರನ್ನು ತಿರುಗಿಸಿ ನೋಡಿ, ತೆಲುಗು ಕನ್ನಡ ಎರಡನ್ನೂ ಬೆರೆಸಿ ಹೇಳಿದರು:

"ಸಾರ್, ಇದು ಮೊಳೆ ಚುಚ್ಚಿ ಹೋಗಿದ್ದಲ್ಲ. ಗಾಳಿ ತಕ್ಕುವ ಇತ್ತು, ಕಮ್ಮಿ. ಕಮ್ಮಿ ಗಾಳೀಲಿ ಓಡ್ಸಿದ್ರೆ ಪಕ್ಕದ ರಬ್ಬರು ಮಡಚಿ ಮಡಚಿ ಕಾಯ್ತದೆ. ಮೇಲೆ ಈ ಎಂಡಾ, ಬಿಸ್ಲು, ಒಳಗೆ ಲಗೇಜು. ನೋಡಿಲ್ಲಿ, ಟೈರೂ ಹಳೇದು, ಬಿರುಕು ಬಿಟ್ಟೈತೆ. ಹೊರಡುವಾಗ ಎರಡು ನಿಮಿಷ ಗಾಳಿ ಹಿಡಿಸಿದ್ರೆ ಇಲ್ಲೀವರೆಗೂ ಬರ್ತಿತ್ತು."

ಎರಡು ನಿಮಿಷ. ಮನೆಯವರು ಬಂಕ್‌ ತಾವ ಎಂದು ಕೇಳಿದ್ದೂ ಅಷ್ಟೇ. ಅವರು ನನ್ನ ಕಡೆ ತಿರುಗದೆ, "ನಾನೇ ನೋಡ್ಬೇಕಾಗಿತ್ತಪ್ಪ," ಎಂದರು.

ರಾಹುಕಾಲವನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ದೇವರ ತಪ್ಪೇನೂ ಇರಲಿಲ್ಲ. ಗಾಳಿಯನ್ನು ಹಿಂದಿನ ದಿನ ಸಾಯಂಕಾಲವೇ ಹಿಡಿಸಬಹುದಿತ್ತು. ಭಾನುವಾರವೆಲ್ಲ ಕಾರು ಬೀಗರ ಮನೆಯ ಮುಂದೆ ಸುಮ್ಮನೆ ನಿಂತಿತ್ತು. ನನಗೆ ಹೊಳೆಯಲಿಲ್ಲ. ಈಗ ತಿಂಗಳಿಗೆರಡು ಸಲ, ಬೆಳಿಗ್ಗೆ ಚಕ್ರ ತಣ್ಣಗಿರುವಾಗಲೇ ಗಾಳಿ ನೋಡಿಸುತ್ತೇವೆ. ಎಷ್ಟಿರಬೇಕೆಂದು ಡ್ರೈವರ್ ಬಾಗಿಲಿನ ಒಳಗೆ ಚೀಟಿ ಅಂಟಿಸಿರುತ್ತಾರೆ, ಅದನ್ನು ಓದಲು ಕಲಿತಿದ್ದೇನೆ. ಸ್ಟೆಪ್ನಿಗೂ ಹಿಡಿಸುತ್ತೇವೆ. ಟೈರಿನ ಪಕ್ಕದಲ್ಲಿ ಬಿರುಕಿದೆಯೇ, ಉಬ್ಬಿದೆಯೇ ಎಂದು ಕೈಯಾಡಿಸುತ್ತೇನೆ. ಆದರೂ ಕಾರಿನಲ್ಲಿ ಕೂತು ಥಪ್ ಎಂದು ಏನಾದರೂ ಸದ್ದಾದರೆ ನನ್ನ ಕೈ ತಾನಾಗಿ ಪಕ್ಕದ ಸೀಟಿಗೆ ಅಡ್ಡ ಹೋಗುತ್ತದೆ, ಅಲ್ಲಿ ಯಾರೂ ಇಲ್ಲದಿದ್ದರೂ.

ಪರಿಗಿ ದಾಟಿ ಹಿಂದೂಪುರ ಬಂದಾಗ ಹನ್ನೊಂದಾಗಿತ್ತು. ಮನೆಗೆ ಹೋಗಲಿಲ್ಲ. ತವರಿಗೆ ಬಂದ ಬಸುರಿ ಮೊದಲು ತಾಯಿಯ ಮನೆಯ ಹೊಸ್ತಿಲು ತುಳಿಯಬೇಕು. ನಾವು ನೇರ ಡಾಕ್ಟರಮ್ಮನ ನರ್ಸಿಂಗ್ ಹೋಮಿಗೆ ಹೋದೆವು. ಹೊರಗೆ ಕೂತವರೆಲ್ಲ ನನ್ನನ್ನು ನೋಡಿ ಜಾಗ ಬಿಟ್ಟರು. ನನ್ನ ಸೀರೆ ಮಣ್ಣಾಗಿತ್ತು, ಕೈ ಮೊಣಕೈ ತನಕ ಕರ್ರಗಾಗಿತ್ತು.

ಡಾಕ್ಟರಮ್ಮ ಎಲ್ಲ ಕೇಳಿ, ಮಗಳ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ, ಮಿಷನ್ನಿನ ಗುಂಡಿಯಂಥದ್ದನ್ನು ಇಟ್ಟರು. ಬರೀ ಗರಗರ ಎಂದಿತು. ಜಾಗ ಬದಲಾಯಿಸಿದರು. ಗರಗರ. ನಾನು ಗೋಡೆ ಹಿಡಿದುಕೊಂಡೆ. ಇನ್ನೂ ಕೆಳಕ್ಕೆ, ಬಲಕ್ಕೆ ಜರುಗಿಸಿ ಒತ್ತಿದರು. ಆಗ ಬಂತು, ಕುದುರೆ ಓಡಿದ ಹಾಗೆ, ಟಕಟಕ ಟಕಟಕ ಎಂದು.

"ಇದೇ," ಎಂದರು ಡಾಕ್ಟರಮ್ಮ. "ಬಡಿತ ಚೆನ್ನಾಗಿದೆ. ಆದ್ರೆ ಕುಲುಕಾಟ ಆಗಿದೆ, ಬಿ.ಪಿ.ನೂ ಇದೆ. ಸ್ಕ್ಯಾನ್ ಮಾಡೋಣ. ನಾಳೆವರೆಗೂ ಇಲ್ಲೇ ಇರ್ಲಿ. ರಕ್ತ ಗಿಕ್ತ ಕಂಡ್ರೆ, ನೋವು ಬಂದ್ರೆ ತಕ್ಷಣ ಕೂಗಿ. ಮಗು ಎಷ್ಟು ಸಲ ಅಲುಗ್ತದೆ ಅಂತ ಎಣಿಸ್ತಾ ಇರಿ. ಊಟ ಆದ್ಮೇಲೆ ಎರಡು ಗಂಟೆಯೊಳಗೆ ಹತ್ತು ಸಲ ಆಗ್ಬೇಕು. ಆಗ್ಲಿಲ್ಲಾಂದ್ರೆ ನನ್ನ ಕರೀರಿ."

ಮನೆಯವರು ಹೊರಗೆ ಬೆಂಚಿನ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಬಡಿತ ಸಿಕ್ಕಿತು ಎಂದೆ. ತಲೆ ಎತ್ತದೆ ಹೂಂ ಎಂದರು. ಹೊಲಿಗೆಯ ಜಾಗ ನೋಯುತ್ತಿದೆಯೇ ಎಂದು ಕೇಳಿದೆ, ಇಲ್ಲ ಎಂದರು. ಅದೂ ಒಂದು ಕೃಪೆ ಎಂದು ಎಣಿಸಿಕೊಂಡೆ.

ಸ್ಕ್ಯಾನ್ ಆಗಿ, ಪೆಟ್ಟೇನೂ ಕಾಣುತ್ತಿಲ್ಲ ಎಂದ ಮೇಲೆ, ಮಗಳಿಗೆ ಅನ್ನ ತಿಳಿಸಾರು ತಿನ್ನಿಸಿ ಮಲಗಿಸಿದಾಗ ಎರಡು ಗಂಟೆ. ಕಿಟಕಿಯ ಪರದೆ ಎಳೆದೆ. ಹೇಳಿಬಿಡಬೇಕು ಎನ್ನಿಸಿತು.

"ನಿಮ್ಮಪ್ಪ ಗಾಳಿ ಹಿಡಿಸ್ತೀನಿ ಅಂದ್ರು ಕಣಮ್ಮ. ನಾನೇ ಬೇಡ ಅಂದೆ. ಎರಡು ಸಲ."

"ಗೊತ್ತು," ಎಂದಳು ಕಣ್ಣು ಮುಚ್ಚಿಕೊಂಡೇ. "ನಾನೇನ್ ಬೇರೆ ಗಾಡೀಲಿ ಬಂದ್ನಾ? ಹಿಂದೇನೇ ಕುಂತಿದ್ನಲ್ಲಮ್ಮ. ಪಾವಗಡದ್ ತಾವ ನಂಗೂ ಎಚ್ಚರ ಇತ್ತು. ನಿಲ್ಸಿ ಅನ್ಬೇಕು ಅನ್ನಿಸ್ತು. ನಿಂಗೆ ಬೇಜಾರಾಗ್ತದೆ ಅಂತ ಸುಮ್ಕಾದೆ."

ಅವಳು ನನ್ನ ಕೈ ಹಿಡಿದು ಹೊಟ್ಟೆಯ ಬಲಗಡೆ, ಪಕ್ಕೆಯ ಕೆಳಗೆ ಇಟ್ಟುಕೊಂಡಳು. ಕೈಯ ಕಪ್ಪು ತೊಳೆದರೂ ಗೆರೆಗಳಲ್ಲಿ ಉಳಿದಿತ್ತು. ಬಹಳ ಹೊತ್ತು ಏನೂ ಇಲ್ಲ. ಫ್ಯಾನು ತಿರುಗುತ್ತಿತ್ತು. ಆಮೇಲೆ ಅಂಗೈಗೆ ಒಂದು ಸಣ್ಣ ತಳ್ಳು. ಒಳಗಿನಿಂದ ಯಾರೋ ಮೊಣಕೈ ಸರಿಸಿದಂತೆ.

"ಒಂದು," ಎಂದಳು ಮಗಳು.

ಜಪಕ್ಕೆ ಎಣಿಸುವ ಹಾಗೆ ಹೆಬ್ಬೆರಳನ್ನು ಬೆರಳಿನ ಗೆಣ್ಣಿಗೆ ಇಟ್ಟೆ. ಎರಡು ಬೇಗ ಬಂತು. ಮೂರಕ್ಕೆ ಕಾಯಬೇಕಾಯಿತು. ನಾಲ್ಕು, ಐದು ಒಟ್ಟಿಗೆ ಬಂದವು. ಆರಕ್ಕೆ ಬಂದಾಗ ಮಗಳ ಉಸಿರು ನಿಧಾನವಾಗಿತ್ತು, ನಿದ್ದೆ ಹತ್ತಿತ್ತು. ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು. ನಾನು ಅಂಗೈ ಎತ್ತದೆ, ಹೆಬ್ಬೆರಳನ್ನು ಆರನೆಯ ಗೆಣ್ಣಿನಲ್ಲೇ ಇಟ್ಟುಕೊಂಡು, ಏಳನೆಯದಕ್ಕೆ ಕಾದು ಕೂತೆ.